ರೈತರು, ವರ್ತಕರ ಮುಂದೆ ರಾಜ್ಯದ ಲೆಕ್ಕ ಇಟ್ಟ ದಿವಾನ ಸಿ. ರಂಗಾಚಾರ್ಲು

ಸಂತೇಬೆನ್ನೂರು: ಭದ್ರಾ ನಾಲೆಗೆ ನೀರು ಬಿಡುವ ಹೊತ್ತು ಹತ್ತಿರ ಬಂತು ಅಂದ್ರೆ ಚನ್ನಗಿರಿ, ದಾವಣಗೆರೆ, ಹರಿಹರ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು, ನೀರಾವರಿ ಸಲಹಾ ಸಮಿತಿ ಸಭೆ ಯಾವಾಗ ಅಂತ. ಶಿವಮೊಗ್ಗದ ಮಲವಗೊಪ್ಪದಲ್ಲಿರುವ ಕಾಡಾ ಕಚೇರಿಯಲ್ಲಿ ಸಭೆ ಕೂಡುತ್ತೆ. ಅಡಿಕೆ ತೋಟದವರು ಒಂದು ಹೇಳ್ತಾರೆ, ಭತ್ತದವರು ಇನ್ನೊಂದು, ನಾಲೆಯ ಕೊನೆಭಾಗದವರು ಮತ್ತೊಂದು. ಜಗಳ, ಕೂಗಾಟ, ಕೆಲವು ಸಲ ಸಭಾತ್ಯಾಗ. ಕೊನೆಗೆ ತೀರ್ಮಾನ ಸರ್ಕಾರದ್ದೇ.

ಕೈಯಲ್ಲಿ ಅಧಿಕಾರವಿಲ್ಲದ, ಬರೀ ಹೇಳಿಕೊಳ್ಳುವ ಸಭೆಯಿಂದ ಏನು ಪ್ರಯೋಜನ ಅನ್ನೋ ಪ್ರಶ್ನೆ ಹೊಸದಲ್ಲ. ಹಳೇ ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ ತಾಲ್ಲೂಕು ತಾಲ್ಲೂಕಿನಿಂದ ರೈತರನ್ನು, ವರ್ತಕರನ್ನು ಕರೆಸಿ, ಕೂರಿಸಿ, ಕಷ್ಟ ಕೇಳಿದ್ದು 1881ರಲ್ಲಿ. ಅದನ್ನು ಮಾಡಿದವರು ದಿವಾನ್ ಸಿ.ವಿ. ರಂಗಾಚಾರ್ಲು. ಮೈಸೂರಿನ ಪುರಭವನಕ್ಕೆ ಅವರ ಹೆಸರಿದೆ. ಆದರೆ ಈ ಕಡೆಯ ತಾಲ್ಲೂಕುಗಳಲ್ಲಿ ಅವರ ನೆನಪು ಕಡಿಮೆ.

ಅವರು ಹುಟ್ಟಿದ್ದು 1831ರಲ್ಲಿ, ಮದರಾಸಿನ ಹತ್ತಿರದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಮೈಸೂರಿಗೂ ಅವರ ಮನೆತನಕ್ಕೂ ಆಗ ಸಂಬಂಧವೇ ಇರಲಿಲ್ಲ. ಆದರೂ ಆ ವರ್ಷವನ್ನು ಗಮನಿಸಬೇಕು. ಮೈಸೂರಿನ ಆಡಳಿತವನ್ನು ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಿದ್ದೂ ಅದೇ 1831ರಲ್ಲಿ. ಅದಕ್ಕೆ ನೆಪವಾಗಿದ್ದು ನಗರ ಸೀಮೆಯ, ಅಂದರೆ ಇವತ್ತಿನ ಶಿವಮೊಗ್ಗ ಸುತ್ತಮುತ್ತಲ ರೈತರ ದಂಗೆ.

ಆ ಕಥೆ ಈ ಮಣ್ಣಿನದ್ದೇ. ಆಗ ಶರತ್ತು ಪದ್ಧತಿ ಅಂತ ಒಂದಿತ್ತು. ಇಂತಿಷ್ಟು ಕಂದಾಯ ಎತ್ತಿ ಕೊಡ್ತೀನಿ ಅಂತ ಅಮಲ್ದಾರ ಸರ್ಕಾರಕ್ಕೆ ಕರಾರು ಬರೆದುಕೊಡಬೇಕು. ಬೆಳೆ ಬರಲಿ ಬಿಡಲಿ, ಆ ಮೊತ್ತವನ್ನು ರೈತನಿಂದ ಹಿಂಡಿ ತೆಗೆಯೋದು ಅಮಲ್ದಾರನ ಕೆಲಸ. 1830ರಲ್ಲಿ ರೈತರು ಕಂದಾಯ ಕಟ್ಟಲ್ಲ ಅಂತ ನಿಂತರು. ಊರೂರಲ್ಲಿ ಕೂಟ ಸೇರಿದರು. ಕೂಟ ಅಂದ್ರೆ ಸಭೆಯೇ, ಆದರೆ ಸರ್ಕಾರ ಕರೆಯದ ಸಭೆ. ತರೀಕೆರೆ ಪಾಳೆಯಗಾರರೂ ದಂಗೆಗೆ ಸೇರಿಕೊಂಡರು. ಈ ಪಾಳೆಯಗಾರರ ಮನೆತನ ತರೀಕೆರೆಗೆ ಹೋಗುವ ಮೊದಲು ಆಳಿದ್ದು ಬಸವಾಪಟ್ಟಣ, ಸಂತೇಬೆನ್ನೂರು. ಇಲ್ಲಿಯ ಪುಷ್ಕರಣಿ ಕಟ್ಟಿಸಿದ ಕೆಂಗ ಹನುಮಂತಪ್ಪ ನಾಯಕರ ಕುಲ ಅದು. ವಸಂತ ಮಂಟಪದ ಮುಂದೆ ಫೋಟೋ ತೆಗೆಸಿಕೊಂಡು ಹೋಗುವವರಲ್ಲಿ ಬಹಳ ಜನಕ್ಕೆ ಈ ವಿಷಯ ಗೊತ್ತಿರಲ್ಲ. ಕೂಟಗಳನ್ನು ಸೈನ್ಯ ತಂದು ಅಡಗಿಸಲಾಯಿತು. ರಾಜ್ಯ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು.

ರಂಗಾಚಾರ್ಲು ಮದರಾಸಿನಲ್ಲಿ ಇಂಗ್ಲಿಷ್ ಓದಿ ಸರ್ಕಾರಿ ನೌಕರಿಗೆ ಸೇರಿದರು. ಗುಮಾಸ್ತಿಕೆಯಿಂದ ಶುರುವಾದ ಕೆಲಸ. ಚಿಕ್ಕ ವಯಸ್ಸಿನಲ್ಲೇ ಕಂದಾಯ ಇಲಾಖೆಯ ಲಂಚದ ಬಗ್ಗೆ ಕಿರುಹೊತ್ತಿಗೆ ಬರೆದರು. ಅದೇ ಇಲಾಖೆಯಲ್ಲಿ ಇದ್ದುಕೊಂಡು ಹೀಗೆ ಬರೆಯೋದಕ್ಕೆ ಗುಂಡಿಗೆ ಬೇಕು. ಇನಾಂ ಜಮೀನುಗಳ ತನಿಖೆಗೆ ನೇಮಿಸಿದ್ದ ಆಯೋಗದಲ್ಲಿ ದುಡಿದರು, ಆಮೇಲೆ ಡೆಪ್ಯುಟಿ ಕಲೆಕ್ಟರ್ ಆಗಿ ಕಲ್ಲಿಕೋಟೆ ಖಜಾನೆ ನೋಡಿಕೊಂಡರು. ಲೆಕ್ಕ, ದಾಖಲೆ, ಜಮೀನಿನ ಹಕ್ಕು, ಈ ಮೂರರಲ್ಲೇ ಅವರು ಪಳಗಿದ್ದು.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಅರಮನೆಯ ಆಸ್ತಿ, ಸಾಲ, ಒಡವೆ ಯಾವುದಕ್ಕೂ ಸರಿಯಾದ ಲೆಕ್ಕ ಇರಲಿಲ್ಲ. ಅದನ್ನು ಬಿಡಿಸೋಕೆ ರಂಗಾಚಾರ್ಲು ಅವರನ್ನು ಮೈಸೂರಿಗೆ ಕರೆಸಿದರು. ಬಂದವರು ಇಲ್ಲಿಯೇ ನಿಂತರು. 1874ರಲ್ಲಿ ಮೈಸೂರಿನ ಬ್ರಿಟಿಷ್ ಆಡಳಿತದ ದುಂದುವೆಚ್ಚವನ್ನು ಅಂಕಿ ಅಂಶ ಸಮೇತ ಎತ್ತಿ ತೋರಿಸುವ ಪುಸ್ತಿಕೆ ಲಂಡನ್ನಿನಲ್ಲಿ ಅಚ್ಚಾಯಿತು. ಬರೆದವರು ಇವರೇ.

ಅಷ್ಟರಲ್ಲಿ ಬಂತು ಬರ. 1876ರಿಂದ 1878ರವರೆಗಿನ ಆ ಬರಗಾಲಕ್ಕೆ ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು ಅಂತ ಅಂದಾಜು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗೇ ಇತ್ತು. ಐದರಲ್ಲಿ ಒಬ್ಬರು ಇಲ್ಲವಾದರೆ ಊರು ಹೇಗಿರುತ್ತೆ? ಉಳುವವರಿಲ್ಲದ ಹೊಲ, ದನ ಇಲ್ಲದ ಕೊಟ್ಟಿಗೆ, ಗಿರಾಕಿ ಇಲ್ಲದ ಸಂತೆ. ಖಜಾನೆ ಖಾಲಿ. ಮೇಲಿಂದ ಭಾರತ ಸರ್ಕಾರಕ್ಕೆ ತೀರಿಸಬೇಕಾದ 80 ಲಕ್ಷ ರೂಪಾಯಿ ಬರಗಾಲದ ಸಾಲ.

ಇಂಥ ಹೊತ್ತಿನಲ್ಲಿ, 1881ರ ಮಾರ್ಚ್ 25ರಂದು, ಬ್ರಿಟಿಷರು ರಾಜ್ಯವನ್ನು ಒಡೆಯರ ಮನೆತನಕ್ಕೆ ವಾಪಸ್ ಕೊಟ್ಟರು. ಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದಾಗ ಇನ್ನೂ ಹದಿನೆಂಟು ವರ್ಷದ ಹುಡುಗ. ರಂಗಾಚಾರ್ಲು ದಿವಾನರಾದರು.

ಮೊದಲು ಅವರು ಎತ್ತಿಕೊಂಡಿದ್ದು ಕತ್ತರಿ. ಹುದ್ದೆಗಳು ಹೋದವು, ಇಲಾಖೆಗಳು ಕಿರಿದಾದವು. ಎಂಟು ಜಿಲ್ಲೆ ಇದ್ದದ್ದು ಆರಾಯಿತು. ಹಾಸನ, ಚಿತ್ರದುರ್ಗ ಎರಡೂ ಜಿಲ್ಲೆಯ ಪಟ್ಟ ಕಳೆದುಕೊಂಡು ಉಪವಿಭಾಗವಾದವು. ದಾವಣಗೆರೆ, ಜಗಳೂರು ಕಡೆಯವರಿಗೆ ಇದು ನೇರವಾಗಿ ತಟ್ಟಿದ ಪೆಟ್ಟು, ಅವರ ಜಿಲ್ಲೆ ಚಿತ್ರದುರ್ಗವೇ ಆಗಿತ್ತು. ಕಚೇರಿ ದೂರವಾದರೆ ಒಂದು ಕಾಗದಕ್ಕೆ ಎಷ್ಟು ದಿನ ಕೆಲಸ ಬಿಟ್ಟು ಅಲೆಯಬೇಕು ಅನ್ನೋದು 1997ಕ್ಕೆ ಮುಂಚೆ ಶಿವಮೊಗ್ಗಕ್ಕೆ ಓಡಾಡಿದ ಚನ್ನಗಿರಿ, ಹೊನ್ನಾಳಿಯವರಿಗೆ ಹೇಳಿಕೊಡಬೇಕಿಲ್ಲ. ಲೆಕ್ಕದ ಪ್ರಕಾರ ಉಳಿತಾಯ ಸರಿಯೇ ಇರಬಹುದು, ಆದರೆ ಆ ಉಳಿತಾಯದ ಬೆಲೆ ತೆತ್ತವರು ಹಳ್ಳಿಯವರು. ಕೆಲವು ವರ್ಷದ ನಂತರ, 1886ರಲ್ಲಿ, ಮುಂದಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಎರಡೂ ಜಿಲ್ಲೆಗಳು ಮತ್ತೆ ಜಿಲ್ಲೆಗಳಾದವು.

ರಂಗಾಚಾರ್ಲು ಬರೀ ಕತ್ತರಿ ಆಡಿಸಿದ್ದರೆ ಇವತ್ತು ಅವರ ಹೆಸರು ಹೇಳುವ ಕಾರಣ ಇರುತ್ತಿರಲಿಲ್ಲ. 1881ರ ಆಗಸ್ಟ್ 25ರಂದು ಒಂದು ಆದೇಶ ಹೊರಟಿತು. ದಸರಾ ಸಮಯಕ್ಕೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಬೇಕು. ಒಂದೊಂದು ತಾಲ್ಲೂಕಿನಿಂದ ತಿಳಿವಳಿಕೆಯುಳ್ಳ, ಜನರ ನಡುವೆ ಮಾತು ನಡೆಯುವಂಥ ಒಬ್ಬರೋ ಇಬ್ಬರೋ ರೈತರು. ಜಿಲ್ಲೆಗೆ ಮೂರು ನಾಲ್ಕು ಜನ ಪ್ರಮುಖ ವರ್ತಕರು. ಆರಿಸಿ ಕಳಿಸುವ ಕೆಲಸ ಜಿಲ್ಲೆಯ ಲೋಕಲ್ ಫಂಡ್ ಮಂಡಳಿಯದ್ದು. ಅಕ್ಟೋಬರ್ 7ರಂದು ಮೊದಲ ಸಭೆ ಸೇರಿತು. 144 ಜನ ಬಂದಿದ್ದರು.

ಈಗಿನವರಿಗೆ ಇದು ದೊಡ್ಡದು ಅನ್ನಿಸಲಿಕ್ಕಿಲ್ಲ. ಆಗಿನ ಮಟ್ಟಿಗೆ ನೋಡಬೇಕು. ಶಿವಮೊಗ್ಗಕ್ಕೆ ರೈಲು ಬಂದದ್ದೇ 1899ರಲ್ಲಿ. 1881ರಲ್ಲಿ ಬೆಂಗಳೂರಿನಿಂದ ಮೈಸೂರಿನವರೆಗೂ ಹಳಿ ಪೂರ್ತಿ ಆಗಿರಲಿಲ್ಲ. ತುಂಗಭದ್ರೆ ಪಕ್ಕದ ತಾಲ್ಲೂಕಿನ ರೈತನೊಬ್ಬ ಮೈಸೂರಿಗೆ ಹೋಗಬೇಕಂದ್ರೆ ಎಷ್ಟೋ ದಿನಗಳ ಪ್ರಯಾಣ. ಊರಿನಲ್ಲಿ ಅಮಲ್ದಾರನ ಮುಂದೆ ಕೈಕಟ್ಟಿ ನಿಲ್ಲುವ ಮನುಷ್ಯ ಅಲ್ಲಿ ಹೋಗಿ ದಿವಾನರ ಮುಂದೆ ತನ್ನ ತಾಲ್ಲೂಕಿನ ಕಷ್ಟ ಹೇಳಬಹುದಿತ್ತು. ಐವತ್ತು ವರ್ಷದ ಹಿಂದೆ ಇದೇ ಸೀಮೆಯ ರೈತರು ಕೂಟ ಸೇರಿದ್ದಕ್ಕೆ ಗುಂಡು ತಿಂದಿದ್ದರು. ಈಗ ಸರ್ಕಾರವೇ ಕೂಟ ಕರೆದಿತ್ತು.

ಸಭೆಯಲ್ಲಿ ಆಗಿದ್ದೇನು? ದಿವಾನರು ಮೊದಲು ರಾಜ್ಯದ ಆದಾಯ, ಖರ್ಚು, ಹಿಂದಿನ ವರ್ಷ ನಡೆದದ್ದು, ಮುಂದೆ ಮಾಡಬೇಕೆಂದಿರುವುದು ಎಲ್ಲವನ್ನೂ ಸದಸ್ಯರ ಮುಂದಿಟ್ಟರು. ಆಮೇಲೆ ಸದಸ್ಯರ ಸರದಿ. ತಮ್ಮ ತಮ್ಮ ಕಡೆಯ ಬೇಕು ಬೇಡಗಳನ್ನು ಅವರು ಹೇಳಬಹುದಿತ್ತು. ಅಷ್ಟೇ. ಮತ ಹಾಕುವ ಹಾಗಿಲ್ಲ, ಕಾನೂನು ಮಾಡುವ ಹಾಗಿಲ್ಲ, ಬಜೆಟ್ ತಡೆಯುವ ಹಾಗಿಲ್ಲ. ಕೇಳಿ ಸುಮ್ಮನಾಗುವ ಅಧಿಕಾರ ದಿವಾನರಿಗೆ ಪೂರ್ತಿ ಇತ್ತು.

ಹಾಗಾದರೆ ಇದೆಲ್ಲ ಯಾಕೆ ಬೇಕಿತ್ತು? ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತೆ. ಮಾಲೀಕ ದೂರದಲ್ಲಿದ್ದಾಗ ಗುಮಾಸ್ತ ಹೇಳಿದ್ದೇ ಲೆಕ್ಕ. ಗಿರಾಕಿ ಬಂದು ನೇರವಾಗಿ ಮಾಲೀಕನ ಹತ್ತಿರ ಮಾತಾಡಿದ ದಿನವೇ ಅಂಗಡಿಯ ನಿಜ ಗೊತ್ತಾಗೋದು. 1830ರಲ್ಲಿ ಆದದ್ದೂ ಅದೇ ಅಲ್ವಾ? ಅಮಲ್ದಾರರು ಎಲ್ಲ ಚೆನ್ನಾಗಿದೆ ಅಂತ ಬರೆಯುತ್ತಲೇ ಇದ್ದರು, ರೈತರು ದಂಗೆ ಎದ್ದಾಗಲೇ ಅರಮನೆಗೆ ತಿಳಿದದ್ದು. ಲಂಚದ ಬಗ್ಗೆ ಬರೆದ, ಲೆಕ್ಕ ಇಲ್ಲದ ಅರಮನೆಯಲ್ಲಿ ಲೆಕ್ಕ ಹುಡುಕಿದ ಮನುಷ್ಯನಿಗೆ ವರದಿಯನ್ನು ಮಾತ್ರ ನಂಬಿ ಕೂರೋದು ಕಷ್ಟವಿದ್ದಿರಬೇಕು. ಜೊತೆಗೆ ಇನ್ನೊಂದು: ಮೇಲೆ ಬ್ರಿಟಿಷ್ ರೆಸಿಡೆಂಟ್ ಇದ್ದಾನೆ, ಕೆಳಗೆ ಬರದಿಂದ ಬೆಂದ ಜನ. ಕೆಲಸ ಕಳೆದುಕೊಂಡವರ ಕೋಪ ಬೇರೆ. ಆಡಳಿತ ನಡೆಸುವವನು ಹೊರಗಿನಿಂದ ಬಂದವನು. ಜನರ ಬೆಂಬಲ ಇದೆ ಅಂತ ತೋರಿಸಿಕೊಳ್ಳುವ ಅಗತ್ಯ ದಿವಾನರಿಗೂ ಇತ್ತು.

ಸಭೆಯ ಮಿತಿಯನ್ನೂ ಹೇಳಬೇಕು. ಅಲ್ಲಿದ್ದವರು ಜಮೀನ್ದಾರರು, ದೊಡ್ಡ ವರ್ತಕರು. ಕೂಲಿಯವರು ಇರಲಿಲ್ಲ, ಹೆಂಗಸರು ಇರಲಿಲ್ಲ. ಬರದಲ್ಲಿ ಮೊದಲು ಸತ್ತದ್ದು ಯಾರೋ ಅವರ ಪರವಾಗಿ ಮಾತಾಡುವವರನ್ನು ಯಾರೂ ಕರೆದಿರಲಿಲ್ಲ.

ಎರಡನೇ ಸಭೆ 1882ರ ದಸರಾಕ್ಕೆ ಸೇರಿತು. ಆ ವರ್ಷ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಾಗಿತ್ತು. ಬರಗಾಲದಲ್ಲಿ ಜನರಿಗೆ ಕೂಲಿ ಕೊಡಲೆಂದು ಶುರು ಮಾಡಿದ್ದ ಹಳಿ ಕೆಲಸವನ್ನು ರಂಗಾಚಾರ್ಲು ಸಾಲ ಎತ್ತಿ ಮುಗಿಸಿದ್ದರು. ಬೇಸಾಯ ಒಂದನ್ನೇ ನಂಬಿ ಕೂತರೆ ಮಳೆ ಕೈಕೊಟ್ಟ ವರ್ಷ ಮತ್ತೆ ಅದೇ ಗತಿ, ಕೈಗಾರಿಕೆಯೂ ಬೆಳೀಬೇಕು, ಮಾಲು ಸಾಗಿಸೋಕೆ ರೈಲು ಬೇಕು ಅನ್ನೋದು ಅವರ ವಿಚಾರ. ಅವರು ಹೋದ ಮೇಲೂ ಹಳಿ ಉತ್ತರಕ್ಕೆ ಬೆಳೆಯುತ್ತಾ ಬಂದು, 1889ರಲ್ಲಿ ಬೆಂಗಳೂರಿನಿಂದ ಹರಿಹರದವರೆಗೆ ಪೂರ್ತಿಯಾಯಿತು. ದಾವಣಗೆರೆ ಹತ್ತಿ, ಧಾನ್ಯದ ಪೇಟೆಯಾಗಿ ಬೆಳೆದದ್ದು ಈ ಹಳಿಯ ಪಕ್ಕದಲ್ಲೇ.

ರಂಗಾಚಾರ್ಲು ಅದನ್ನು ನೋಡಲು ಇರಲಿಲ್ಲ. ಎರಡನೇ ಸಭೆಯಾಗಿ ಕೆಲವೇ ತಿಂಗಳಿಗೆ ಆರೋಗ್ಯ ಕೆಟ್ಟಿತು. 1883ರ ಜನವರಿ 20ರಂದು ಮದರಾಸಿನಲ್ಲಿ ತೀರಿಕೊಂಡರು. ದಿವಾನರಾಗಿ ಎರಡು ವರ್ಷವೂ ತುಂಬಿರಲಿಲ್ಲ. ಮೈಸೂರಿನಲ್ಲಿ ಅವರ ನೆನಪಿಗೆ ಪುರಭವನಕ್ಕೆ 1884ರಲ್ಲಿ ಅಡಿಗಲ್ಲು ಹಾಕಿದರು.

ಒಬ್ಬರ ಮನಸ್ಸಿನಿಂದ ಶುರುವಾದ ಸಭೆ ಅವರ ಜೊತೆಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ. ಶೇಷಾದ್ರಿ ಅಯ್ಯರ್ ಅದನ್ನು ಮುಂದುವರಿಸಿದರು. 1891ರಿಂದ ಸದಸ್ಯರನ್ನು ಮಂಡಳಿಯ ಬದಲು ಮತದಾರರೇ ಆರಿಸತೊಡಗಿದರು, ಆದರೆ ಮತದ ಹಕ್ಕು ಇಂತಿಷ್ಟು ಕಂದಾಯ ಕಟ್ಟುವವರಿಗೆ, ಓದಿದವರಿಗೆ ಮಾತ್ರ. 1907ರಲ್ಲಿ ಕಾನೂನು ಚರ್ಚೆಗೆಂದು ಬೇರೆಯೇ ನ್ಯಾಯ ವಿಧಾಯಕ ಸಭೆ ಬಂತು. ಪ್ರಜಾಪ್ರತಿನಿಧಿ ಸಭೆ ಮಾತ್ರ ವರ್ಷಾವರ್ಷ ಸೇರುತ್ತಲೇ ಇತ್ತು. ಆದರೂ ಹುಟ್ಟಿ ನಲವತ್ತು ವರ್ಷವಾದರೂ ಅದಕ್ಕೆ ಶಾಸನದ ಬಲ ಇರಲಿಲ್ಲ, ಬರೀ ಆದೇಶದ ಮೇಲೆ ನಡೆಯುತ್ತಿತ್ತು. 1923ರಲ್ಲಿ ಅದಕ್ಕೆ ಕಾನೂನಿನ ಆಧಾರ ಸಿಕ್ಕಿತು. ಹೊಸ ತೆರಿಗೆ ಹಾಕುವ ಮುಂಚೆ, ಹೊಸ ಕಾನೂನು ತರುವ ಮುಂಚೆ ಸಭೆಯ ಅಭಿಪ್ರಾಯ ಕೇಳಬೇಕು ಅಂತ ಆಯಿತು. ಹೆಂಗಸರಿಗೆ ಮತದ ಹಕ್ಕಿನ ಬಾಗಿಲು ತೆರೆದಿದ್ದೂ ಅದೇ ವರ್ಷ. 1949ರಲ್ಲಿ, ಹೊಸ ಸಂವಿಧಾನ ಜಾರಿಗೆ ಬರುವ ಹೊತ್ತಿಗೆ, ಅರವತ್ತೆಂಟು ವರ್ಷ ನಡೆದಿದ್ದ ಸಭೆಯನ್ನು ವಿಸರ್ಜಿಸಲಾಯಿತು.