ಆರ್ಸ್ ಊರಿನ ಗುರು ಸಂತ ಜಾನ್ ಮರಿಯ ವಿಯಾನ್ನಿ

ಪಾಪನಿವೇದನೆಗೆಂದರೆ ನಮಗೆ ಕಾಲೇ ಏಳುವುದಿಲ್ಲ. ಒಂದು ಕಡೆ ಸಂಕೋಚ, ಇನ್ನೊಂದು ಕಡೆ ಗುರುಗಳಿಗೆ ನಮ್ಮ ಕನ್ನಡ ತಿಳಿದೀತೋ ಇಲ್ಲವೋ ಎಂಬ ಅಳುಕು. ಆಗಸ್ಟ್ 4ರಂದು ನಾವು ಯಾರ ಹಬ್ಬವನ್ನು ಆಚರಿಸುತ್ತೇವೋ ಆ ಸಂತರಿಗೂ ಭಾಷೆ ತೊಡಕಾಗಿತ್ತು.

ಜಾನ್ ಮರಿಯ ವಿಯಾನ್ನಿ 1786ರ ಮೇ 8ರಂದು ಫ್ರಾನ್ಸಿನ ಲಿಯೋನ್ ನಗರದ ಬಳಿಯ ದಾರ್ದಿಯಿ ಹಳ್ಳಿಯಲ್ಲಿ, ರೈತರ ಮನೆಯಲ್ಲಿ ಹುಟ್ಟಿದರು. ಆಮೇಲೆ ಬಂದದ್ದು ಮಹಾಕ್ರಾಂತಿ. ಸರ್ಕಾರ ಹೇಳಿದ ಪ್ರಮಾಣ ಮಾಡದ ಗುರುಗಳು ವೇಷ ಮರೆಸಿಕೊಂಡು ಓಡಾಡುವ ಕಾಲ. ಹನ್ನೊಂದರ ಬಾಲಕ ಮೊದಲ ಪಾಪನಿವೇದನೆ ಮಾಡಿದ್ದು ತನ್ನ ಮನೆಯಲ್ಲೇ, ಗಡಿಯಾರದ ಬುಡದಲ್ಲಿ. ಪ್ರಥಮ ಪರಮಪ್ರಸಾದವೂ ಕದ್ದುಮುಚ್ಚಿಯೇ: ಎಕುಲಿ ಎಂಬಲ್ಲಿ ಒಂದು ಮನೆಯ ಕಿಟಕಿ ಮುಚ್ಚಿ, ಹೊರಗೆ ಹುಲ್ಲಿನ ಗಾಡಿಗಳನ್ನು ನಿಲ್ಲಿಸಿದ್ದರು. ಗುರುಗಳು ಪ್ರಾಣದ ಹಂಗು ತೊರೆದು ಪಾಪಕ್ಷಮೆ ನೀಡಲು ಬರುತ್ತಿದ್ದುದನ್ನು ಆತ ಕಣ್ಣಾರೆ ಕಂಡ.

ದೊಡ್ಡವರಾದ ಮೇಲೆ ಓದಲು ಕುಳಿತರೆ ಲತೀನ್ ತಲೆಗೆ ಹತ್ತಲಿಲ್ಲ. ನಡುವೆ ನೆಪೋಲಿಯನ್ನನ ಸೈನ್ಯದಿಂದ ಕರೆ ಬಂತು. ಕಾಯಿಲೆಬಿದ್ದು ತಂಡದಿಂದ ಹಿಂದುಳಿದವರು ಮತ್ತೆ ಸೇರಲಿಲ್ಲ. ಮಲೆಯ ಹಳ್ಳಿಯೊಂದರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ತಲೆಮರೆಸಿಕೊಂಡಿದ್ದರು. ಸಂತರ ಚರಿತ್ರೆಯೆಂದು ಇದನ್ನು ಮುಚ್ಚಿಡುವುದು ಬೇಡ. ಮುಂದೆ ಲತೀನಿನಲ್ಲಿ ಪ್ರಶ್ನೆ ಕೇಳಿದಾಗ ಉತ್ತರಿಸಲಾಗದೆ ಪರೀಕ್ಷೆಯಲ್ಲಿ ಸೋತರು. ಅವರಿಗೆ ಪಾಠ ಹೇಳಿದ ಬಾಲೆ ಸ್ವಾಮಿಗಳು ಬಿಡಲಿಲ್ಲ. ತಾಯ್ನುಡಿಯಾದ ಫ್ರೆಂಚಿನಲ್ಲಿ ಪರೀಕ್ಷಿಸುವಂತೆ ಮಾಡಿದರು. 1815ರ ಆಗಸ್ಟ್ 13ರಂದು ಗುರುದೀಕ್ಷೆಯಾಯಿತು. ಆದರೂ ಪಾಪನಿವೇದನೆ ಕೇಳುವ ಅಧಿಕಾರವನ್ನು ತಕ್ಷಣ ಕೊಡಲಿಲ್ಲ. ಕೆಲವು ತಿಂಗಳ ನಂತರ ಅದು ಸಿಕ್ಕಾಗ ಅವರ ಮುಂದೆ ಮೊದಲು ಮೊಣಕಾಲೂರಿದವರು ಅದೇ ಬಾಲೆ ಸ್ವಾಮಿಗಳು!

1818ರಲ್ಲಿ ಅವರನ್ನು ಆರ್ಸ್‌ಗೆ ಕಳುಹಿಸಿದರು. ಸುಮಾರು 230 ಜನರ ಕುಗ್ರಾಮ. ಪೂಜೆಗಿಂತ ಹೆಂಡದಂಗಡಿ, ಕುಣಿತಗಳಲ್ಲೇ ಜನರಿಗೆ ಆಸೆ. ಮೊದಮೊದಲು ವಿಯಾನ್ನಿ ಬಹಳ ಬಿಗಿ. ಕುಣಿತ ಬಿಡದವರಿಗೆ ಪಾಪವಿಮೋಚನೆಯನ್ನೇ ಕೊಡುತ್ತಿರಲಿಲ್ಲ. ಇದು ಅತಿಯಾಯಿತೆಂದು ನಮಗೂ ಅನ್ನಿಸುತ್ತದೆ. ವರ್ಷಗಳು ಕಳೆದಂತೆ, ಸಂತ ಅಲ್ಫೋನ್ಸ್ ಲಿಗೋರಿಯವರ ಬೋಧನೆಯ ಪರಿಚಯವೂ ಆದಂತೆ, ಅವರು ಮೆತ್ತಗಾದರು. ಬಂದವರಿಗೆ ಚಿಕ್ಕ ಪ್ರಾಯಶ್ಚಿತ್ತ ಕೊಟ್ಟು, ಉಳಿದದ್ದನ್ನು ತಾವೇ ಉಪವಾಸ, ಜಾಗರಣೆಗಳಿಂದ ತೀರಿಸುತ್ತಿದ್ದರು. ಪಾಪ ಹೇಳಿಕೊಂಡವರಿಗಿಂತ ಮೊದಲು ಕೇಳಿದವರ ಕಣ್ಣಲ್ಲೇ ನೀರು.

ಸುದ್ದಿ ಹಬ್ಬಿತು. ಬೇಸಿಗೆಯಲ್ಲಿ ದಿನಕ್ಕೆ 16 ಗಂಟೆಯವರೆಗೂ ಪಾಪನಿವೇದನಾ ಪೀಠದಲ್ಲಿ ಕೂರುತ್ತಿದ್ದರು. ನಡುರಾತ್ರಿ ಕಳೆದೊಡನೆ ಕದ ತೆರೆಯುತ್ತಿತ್ತು. ಸರದಿ ಬರಲು ದಿನಗಟ್ಟಲೆ ಕಾಯಬೇಕಾಗಿದ್ದರಿಂದ ಲಿಯೋನ್ ರೈಲು ನಿಲ್ದಾಣದಲ್ಲಿ ಆರ್ಸ್ ಯಾತ್ರಿಕರಿಗೆ ಎಂಟು ದಿನ ನಡೆಯುವ ಟಿಕೆಟ್ ಕೊಡುತ್ತಿದ್ದರಂತೆ.

ಅವರಿಗೆ ಮಾತ್ರ ತಾವು ಈ ಕೆಲಸಕ್ಕೆ ತಕ್ಕವರಲ್ಲವೆಂಬ ಕೊರಗು ಹೋಗಲೇ ಇಲ್ಲ. ಮಠ ಸೇರಿ ಒಂಟಿಯಾಗಿ ತಮ್ಮ ಪಾಪಗಳಿಗಾಗಿ ಅಳಬೇಕೆಂಬ ಆಸೆ. 1843ರಲ್ಲಿ ಒಮ್ಮೆ, 1853ರಲ್ಲಿ ಮತ್ತೊಮ್ಮೆ ರಾತ್ರೋರಾತ್ರಿ ಊರು ಬಿಟ್ಟು ಹೊರಟರು. ಎರಡು ಸಲವೂ ಪೀಠಕ್ಕೇ ಮರಳಬೇಕಾಯಿತು.

1859ರ ಜುಲೈ 29, ಸುಡುಬಿಸಿಲಿನ ದಿನ. ಅಂದೂ ಎಂದಿನಂತೆ ಪೀಠದಲ್ಲಿ ಕುಳಿತರು. ಮರುದಿನ ಏಳಲಾಗಲಿಲ್ಲ. ಆಗಸ್ಟ್ 4ರ ನಸುಕಿನ ಎರಡು ಗಂಟೆಗೆ, 73ನೆಯ ವಯಸ್ಸಿನಲ್ಲಿ, ಪ್ರಭುವಿನ ಬಳಿ ಸೇರಿದರು.