ಆಲ್‌ಫ್ರೆಡ್ ಬಿನೆ: ಮಕ್ಕಳ ಬುದ್ಧಿಯನ್ನು ಅಳೆಯಹೊರಟ ಪಂಡಿತನ ಚರಿತ್ರೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ಊರುಗಳ ಮನೆಗಳಿಂದ ನಮ್ಮ ಶಾಲೆಗೆ ಬರುವ ಹುಡುಗಿಯರ ವಿಷಯವಾಗಿ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆಗಳೊಳಗೆ ಒಂದು ಮೇಲಿಂದ ಮೇಲೆ ಬರುವುದುಂಟು. ಈ ಮಗುವಿಗೆ ಬುದ್ಧಿ ಎಷ್ಟಿದೆ, ಇವಳನ್ನು ಮುಂದಕ್ಕೆ ಓದಿಸುವುದರಿಂದ ಪ್ರಯೋಜನವುಂಟೇ ಎಂಬುದೇ ಆ ಪ್ರಶ್ನೆ. ಕೆಲವರು ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ ಒಂದು ಅಂಕಿಯನ್ನು ಕಾಗದದಲ್ಲಿ ಬರೆಯಿಸಿಕೊಂಡೂ ಬರುತ್ತಾರೆ. ಗಂಡುಮಗನ ವಿಷಯದಲ್ಲಿ ಅಷ್ಟಾಗಿ ಏಳದ ಈ ಸಂಶಯವು ಹೆಣ್ಣುಮಗಳ ವಿಷಯದಲ್ಲಿ ಬೇಗನೆ ಏಳುವುದನ್ನು ನಾವು ಕಂಡಿದ್ದೇವೆ. ಆದುದರಿಂದ ಆ ಅಂಕಿಗೆ ಮೂಲಪುರುಷನೆಂದು ಎಣಿಸಲ್ಪಡುವ ಆಲ್‌ಫ್ರೆಡ್ ಬಿನೆ ಎಂಬ ಫ್ರೆಂಚ್ ಪಂಡಿತನ ಜೀವನವನ್ನು ಈ ಸಂಚಿಕೆಯಲ್ಲಿ ತಿಳಿಸುವುದು ಯುಕ್ತವೆಂದು ನಮಗೆ ತೋರಿತು.

ಬಿನೆಯು 1857ನೆಯ ಇಸವಿ ಜುಲೈ ತಿಂಗಳಲ್ಲಿ ನೀಸ್ ಪಟ್ಟಣದಲ್ಲಿ ಜನಿಸಿದನು. ತಂದೆಯು ವೈದ್ಯನು, ತಾಯಿಯು ಚಿತ್ರಕಲೆಯನ್ನು ಬಲ್ಲವಳು. ದಂಪತಿಗಳು ಅಗಲಿದುದರಿಂದ ಬಾಲಕನನ್ನು ಸಾಕುವ ಭಾರವು ತಾಯಿಯ ಮೇಲೆಯೇ ಬಿದ್ದಿತು. ಮಗನು ಪ್ಯಾರಿಸಿನಲ್ಲಿ ಓದಿ 1878ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದನಾದರೂ ವಕೀಲಿಯು ಅವನಿಗೆ ಹಿಡಿಸಲಿಲ್ಲ. ವೈದ್ಯವನ್ನು ಕಲಿಯತೊಡಗಿ ಅದನ್ನೂ ಬಿಟ್ಟನು. ತರುವಾಯ ರಾಷ್ಟ್ರೀಯ ಪುಸ್ತಕಾಲಯದಲ್ಲಿ ಕುಳಿತು, ಗುರುವಿನ ಸಹಾಯವಿಲ್ಲದೆ, ಮನಶ್ಶಾಸ್ತ್ರದ ಗ್ರಂಥಗಳನ್ನು ಓದಲಾರಂಭಿಸಿದನು. ನಮ್ಮ ಊರಿನ ಹಿರಿಯರು ಇವನನ್ನು ಕಂಡಿದ್ದರೆ, ಈ ಹುಡುಗನು ಯಾವುದರಲ್ಲಿಯೂ ನಿಲ್ಲತಕ್ಕವನಲ್ಲವೆಂದು ಆಗಲೇ ತೀರ್ಮಾನಿಸಿಬಿಡುತ್ತಿದ್ದರು.

1883ರ ಸುಮಾರಿಗೆ ಬಿನೆಯು ಸಾಲ್ಪೆಟ್ರಿಯೇರ್ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಪ್ರಸಿದ್ಧ ವೈದ್ಯನಾದ ಶಾರ್ಕೋವಿನ ಬಳಿ ಸೇರಿದನು. ಅಲ್ಲಿ ಫೇರೆ ಎಂಬವನೊಡನೆ ಕೂಡಿ, ಸಂಮೋಹನ ನಿದ್ರೆಯಲ್ಲಿರುವ ರೋಗಿಯ ಬಳಿ ಅಯಸ್ಕಾಂತವನ್ನು ಹಿಡಿದರೆ ದೇಹದ ಒಂದು ಪಕ್ಕದ ಜಡತ್ವವು ಇನ್ನೊಂದು ಪಕ್ಕಕ್ಕೆ ಸಾಗುವುದೆಂದು ಪ್ರಕಟಿಸಿದನು. ಬೆಲ್ಜಿಯಮಿನ ಡೆಲ್ಬೆಫ್ ಎಂಬ ಪಂಡಿತನು ಬಂದು ನೋಡಲಾಗಿ, ಪ್ರಯೋಗ ಮಾಡುವವರು ತಾವು ನಿರೀಕ್ಷಿಸುವುದನ್ನು ರೋಗಿಗೆ ಕೇಳಿಸುವಂತೆಯೇ ಮಾತನಾಡಿಕೊಳ್ಳುತ್ತಿದ್ದರು! ಆ ಎಡೆಗೊಡದೆ ಪರೀಕ್ಷಿಸಿದಾಗ ಅಯಸ್ಕಾಂತವು ಏನನ್ನೂ ಮಾಡಲಿಲ್ಲ. ಬಿನೆಯು ಮೊದಲು ವಾದಿಸಿದನು. ಕೆಲವು ವರ್ಷಗಳಾದ ಮೇಲೆ ಸೋಲನ್ನು ಒಪ್ಪಿಕೊಂಡನು. ಕೇಳುವವನ ಆಸೆಯೇ ಉತ್ತರವನ್ನು ಹುಟ್ಟಿಸಬಲ್ಲದೆಂಬುದನ್ನು ಅವನು ಮತ್ತೆ ಮರೆಯಲಿಲ್ಲ. ಮುಂದೆ ಶಾಲೆಯ ಮಕ್ಕಳಿಗೆ ಒಂದರ ಹಿಂದೊಂದು ಗೆರೆಗಳನ್ನು ತೋರಿಸಿ ಅದೇ ಉದ್ದಕ್ಕೆ ಎಳೆಯಹೇಳಿದನು. ಮೊದಲಿನ ಕೆಲವು ಗೆರೆಗಳು ಕ್ರಮವಾಗಿ ಬೆಳೆಯುತ್ತಿದ್ದುವು, ಅನಂತರದವೆಲ್ಲ ಸಮವಾಗಿದ್ದುವು. ಆದರೂ ಬಹು ಮಂದಿ ಮಕ್ಕಳು ಗೆರೆಗಳನ್ನು ಬೆಳೆಸುತ್ತಲೇ ಹೋದರು. ತರಗತಿಯಲ್ಲಿ ನಾವು ಪ್ರಶ್ನೆ ಕೇಳುವಾಗ ನಮ್ಮ ಮುಖಭಾವವನ್ನು ನೋಡಿ ಉತ್ತರವನ್ನು ಬದಲಿಸುವ ಹುಡುಗಿಯರನ್ನು ಬಲ್ಲ ಉಪಾಧ್ಯಾಯಿನಿಯರಿಗೆ ಇದು ಆಶ್ಚರ್ಯವೆನಿಸದು.

1884ರಲ್ಲಿ ಅವನು ಬಾಲ್ಬಿಯಾನಿ ಎಂಬ ಶಾಸ್ತ್ರಜ್ಞನ ಮಗಳಾದ ಲೋರಳನ್ನು ವಿವಾಹವಾದನು. ಮಾದ್ಲೆನ್ 1885ರಲ್ಲಿಯೂ ಆಲಿಸ್ 1887ರಲ್ಲಿಯೂ ಹುಟ್ಟಿದರು. ಬಿನೆಯ ನಿಜವಾದ ವಿದ್ಯಾಭ್ಯಾಸವು ಈ ಇಬ್ಬರು ಹೆಣ್ಣುಮಕ್ಕಳ ತೊಟ್ಟಿಲ ಬಳಿಯಲ್ಲಿ ಆರಂಭವಾಯಿತೆಂದೇ ನಾವು ತಿಳಿಯುತ್ತೇವೆ. ನಡೆಯಲು ಕಲಿಯುವಾಗ ಮಾದ್ಲೆನಳು ಕುರ್ಚಿಯಿಂದ ಮೇಜಿಗೆ ಆಸರೆಯನ್ನು ನೋಡಿಕೊಂಡು ಎಚ್ಚರಿಕೆಯಿಂದ ಹೆಜ್ಜೆಯಿಡುತ್ತಿದ್ದಳು. ಆಲಿಸಳು ನಗುತ್ತಾ ಆಸರೆಯಿಲ್ಲದ ನಡುಮನೆಗೇ ನುಗ್ಗುತ್ತಿದ್ದಳು. ಒಂದೇ ತಾಯಿ, ಒಂದೇ ಮನೆ, ಒಂದೇ ಊಟ. ನಡಿಗೆ ಮಾತ್ರ ಎರಡು ಬಗೆ. ನಾಲ್ಕು ವರ್ಷದ ಮಗುವಿನ ಮುಂದೆ ದೊಡ್ಡ ಬಿಲ್ಲೆಗಳ ಗುಂಪನ್ನೂ ಚಿಕ್ಕ ಬಿಲ್ಲೆಗಳ ಗುಂಪನ್ನೂ ಇಟ್ಟರೆ, ಮಗುವು ಸಂಖ್ಯೆಯನ್ನು ನೋಡದೆ ಹೆಚ್ಚು ಜಾಗವನ್ನು ಹಿಡಿದ ಗುಂಪೇ ಹೆಚ್ಚೆಂದು ಹೇಳುವುದೆಂಬುದನ್ನೂ ಅವನು ಮನೆಯಲ್ಲಿಯೇ ಕಂಡುಕೊಂಡನು. ಚನ್ನಪಟ್ಟಣದ ಅರಗಿನ ಮಣಿಗಳನ್ನಿಟ್ಟು ಯಾವ ತಾಯಿಯಾದರೂ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಅವರಿಂದ ಇಪ್ಪತ್ತಿಪ್ಪತ್ತು ಪದಗಳನ್ನು ಬರೆಯಿಸಿ, ವಸ್ತುಗಳನ್ನು ವರ್ಣಿಸಹೇಳಿ, ಒಬ್ಬಳು ಕಂಡುದನ್ನು ಕಂಡಂತೆ ಹೇಳುವವಳು, ಇನ್ನೊಬ್ಬಳು ಕಲ್ಪನೆಯಲ್ಲಿ ವಿಹರಿಸುವವಳು ಎಂದು ತಿಳಿದನು. 1903ರಲ್ಲಿ ಇದನ್ನು ಗ್ರಂಥವಾಗಿ ಪ್ರಕಟಿಸುವಾಗ ಮಕ್ಕಳಿಗೆ ಬೇರೆ ಹೆಸರುಗಳನ್ನು ಇಟ್ಟನು. ಇಬ್ಬರಲ್ಲಿ ಯಾರು ಮೇಲೆಂದು ಅವನು ಹುಡುಕಲಿಲ್ಲ.

1891ರಿಂದ ಅವನು ಸೊರ್ಬಾನ್ ವಿದ್ಯಾಪೀಠದ ಪ್ರಯೋಗಶಾಲೆಯಲ್ಲಿ ಸಂಬಳವಿಲ್ಲದೆ ಸೇವೆಮಾಡಿ, ಕೆಲವು ವರ್ಷಗಳಲ್ಲಿ ಅದರ ಮುಖ್ಯಸ್ಥನಾದನು. ಭಯಾನಕ ನಾಟಕಗಳನ್ನು ಬರೆಯುವ ಹವ್ಯಾಸವೂ ಅವನಿಗಿತ್ತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ವಿನೋದಕ್ಕಾಗಿ ಸೂಚಿಸುತ್ತೇವೆ. ಆ ಕಾಲದಲ್ಲಿ ತಲೆಯ ಗಾತ್ರದಿಂದ ಬುದ್ಧಿಯನ್ನು ತಿಳಿಯಬಹುದೆಂಬ ನಂಬಿಕೆಯು ಪ್ರಬಲವಾಗಿತ್ತು. ಬಿನೆಯೂ ಶಾಲೆಗಳಿಗೆ ಹೋಗಿ ಜಾಣರ ಮತ್ತು ಮಂದರ ತಲೆಗಳನ್ನು ಅಳೆದನು. ದೊರೆತ ವ್ಯತ್ಯಾಸವು ಅತ್ಯಲ್ಪವಾಗಿತ್ತು. ಅದಲ್ಲದೆ, ಜಾಣನೆಂದು ಮೊದಲೇ ತಿಳಿದ ಬಾಲಕನ ತಲೆಯನ್ನು ಅಳೆಯುವಾಗ ತನ್ನ ಕೈಯೇ ಅರಿಯದೆ ವಾಲುವುದೆಂಬ ಸಂಶಯವು ಅವನಿಗೆ ಹುಟ್ಟಿತು. ಅಯಸ್ಕಾಂತದ ಪಾಠವು ಇಲ್ಲಿ ಫಲಕೊಟ್ಟಿತು.

ಫ್ರಾನ್ಸಿನಲ್ಲಿ 1882ರಿಂದ ಎಲ್ಲ ಮಕ್ಕಳಿಗೂ ಶಾಲೆಯು ಕಡ್ಡಾಯವಾಗಿತ್ತು. ಪಾಠವನ್ನು ಅನುಸರಿಸಲಾರದ ಮಕ್ಕಳಿಗೆ ಏನು ಮಾಡಬೇಕೆಂದು ವಿಚಾರಿಸಲು ಸರ್ಕಾರವು 1904ರಲ್ಲಿ ನೇಮಿಸಿದ ಸಮಿತಿಯಲ್ಲಿ ಬಿನೆಯೂ ಇದ್ದನು. ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಒಂದು ಹಿಡಿ ರೇಷ್ಮೆಗೂಡನ್ನು ನೋಡಿ ಲಾಟಿಗೆಲ್ಲ ಬೆಲೆ ಕಟ್ಟುವಂತೆ, ಆಗ ಮಗುವಿನ ಮುಖವನ್ನು ನೋಡಿಯೇ ಮಂದನೆಂದು ನಿರ್ಣಯಿಸುವುದಿತ್ತು. ಒಂದೇ ಮಗುವಿನ ವಿಷಯದಲ್ಲಿ ವೈದ್ಯರಲ್ಲಿಯೇ ಭಿನ್ನಾಭಿಪ್ರಾಯ. ತುಂಟನನ್ನು ತೊಲಗಿಸಿದರೆ ಸಾಕೆಂದು ಉಪಾಧ್ಯಾಯರ ಆತುರ. ನಿಷ್ಕಾರಣವಾಗಿ ಯಾವ ಮಗುವೂ ಶಾಲೆಯಿಂದ ಹೊರಬೀಳದಂತೆ ಒಂದು ಅಳತೆ ಬೇಕಾಗಿತ್ತು. ಬಿನೆಯು ಸಿಮೋನ್ ಎಂಬ ತರುಣ ವೈದ್ಯನೊಡನೆ ಕೂಡಿ 1905ರಲ್ಲಿ 30 ಸಣ್ಣ ಕೆಲಸಗಳ ಪಟ್ಟಿಯನ್ನು ಪ್ರಕಟಿಸಿದನು. 1908ರಲ್ಲಿ ಅದನ್ನು ತಿದ್ದಿ ವಯಸ್ಸಿಗೆ ತಕ್ಕಂತೆ ಜೋಡಿಸಿದನು. ಮೂರು ವರ್ಷದ ಮಗುವು ಕಣ್ಣು, ಮೂಗು, ಬಾಯಿಗಳನ್ನು ತೋರಿಸಬೇಕು. ಐದು ವರ್ಷದ್ದು ಎರಡು ತೂಕಗಳಲ್ಲಿ ಭಾರವಾದುದನ್ನು ಹೇಳಬೇಕು, ಚೌಕವನ್ನು ನೋಡಿ ಬರೆಯಬೇಕು. ಒಂದೇ ಚಿತ್ರವನ್ನು ತೋರಿಸಿದರೆ ಮೂರು ವರ್ಷದ ಮಗುವು ವಸ್ತುಗಳ ಹೆಸರನ್ನು ಮಾತ್ರ ಎಣಿಸುವುದು, ಏಳು ವರ್ಷದ್ದು ನಡೆಯುವ ಕಾರ್ಯವನ್ನು ವರ್ಣಿಸುವುದು, ಇನ್ನೂ ಬೆಳೆದ ಮೇಲೆ ಅದರ ಅರ್ಥವನ್ನು ಹೇಳುವುದು. ಈ ಮಟ್ಟಗಳನ್ನು ಬಿನೆಯು ತಾನಾಗಿ ಊಹಿಸಲಿಲ್ಲ. ಆಯಾ ವಯಸ್ಸಿನ ಸಾಧಾರಣ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿ, ಹೆಚ್ಚಿನವರು ಮಾಡಬಲ್ಲುದನ್ನೇ ಆ ವಯಸ್ಸಿಗೆ ಇಟ್ಟನು.

ಮಂದರೆಂದು ಕಂಡುಬಂದ ಮಕ್ಕಳಿಗೆ ಅವನು ಪ್ರತ್ಯೇಕ ತರಗತಿಗಳನ್ನು ಏರ್ಪಡಿಸಿದನು. ಅಲ್ಲಿ ಮೊದಲು ಕಲಿಸಿದುದು ಓದುಬರಹವಲ್ಲ. ಬೊಂಬೆಯಂತೆ ಅಲುಗದೆ ನಿಲ್ಲುವ ಆಟ, ಕೆಲವು ವಸ್ತುಗಳನ್ನು ಕ್ಷಣಕಾಲ ನೋಡಿ ನೆನಪಿನಿಂದ ಹೇಳುವ ಆಟ. ಗಮನವೂ ನೆನಪೂ ಅಭ್ಯಾಸದಿಂದ ಬೆಳೆಯುವುವೆಂದೂ ಬುದ್ಧಿಯು ಹುಟ್ಟಿನೊಡನೆ ಅಳೆದುಕೊಟ್ಟ ಮೊತ್ತವಲ್ಲವೆಂದೂ 1909ರ ತನ್ನ ಗ್ರಂಥದಲ್ಲಿ ಬಲವಾಗಿ ವಾದಿಸಿದನು. 1911ನೆಯ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ, ಬಿನೆಯು ಪ್ಯಾರಿಸಿನಲ್ಲಿ ಕಾಲವಾದನು.

ಬುದ್ಧಿಲಬ್ಧವೆಂಬ ಅಂಕಿಯನ್ನು ಬಿನೆಯು ಮಾಡಲೇ ಇಲ್ಲ. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವುದನ್ನು 1912ರಲ್ಲಿ ಜರ್ಮನಿಯ ಸ್ಟರ್ನನು ಸೂಚಿಸಿದನು. ಅದನ್ನು ನೂರರಿಂದ ಗುಣಿಸುವ ಪದ್ಧತಿಯನ್ನು 1916ರಲ್ಲಿ ಅಮೆರಿಕದ ಟರ್ಮನನು ಬಳಕೆಗೆ ತಂದನು. ಗೊಡಾರ್ಡನೇ ಮೊದಲಾದವರು ಆ ಪರೀಕ್ಷೆಯನ್ನು ಹಿಡಿದು, ಹಡಗಿನಿಂದ ಇಳಿದ ಬಡ ಪರದೇಶಿಗಳಲ್ಲಿ ಅನೇಕರನ್ನು ಮಂದಬುದ್ಧಿಗಳೆಂದು ಎಣಿಸಿದರು. ಮಗುವನ್ನು ಶಾಲೆಯಲ್ಲಿ ಉಳಿಸಲು ಮಾಡಿದ ಸಾಧನವು ಮನುಷ್ಯರನ್ನು ಹೊರಗಿಡುವ ಸಾಧನವಾಯಿತು. ಇತ್ತ ಪ್ಯಾರಿಸಿನಲ್ಲಿ, ಬಿನೆಯ ಶಾಲಾ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಬಂದ ಪಿಯಾಜೆ ಎಂಬ ತರುಣನು, ಮಕ್ಕಳ ಸರಿಯುತ್ತರಗಳನ್ನು ಎಣಿಸುವುದಕ್ಕಿಂತ ತಪ್ಪುತ್ತರಗಳ ಕಾರಣವನ್ನು ವಿಚಾರಿಸುವುದು ಮೇಲೆಂದು ಕಂಡು, ಮಕ್ಕಳ ಮನಸ್ಸಿನ ಬೆಳವಣಿಗೆಯ ಹೊಸ ಶಾಸ್ತ್ರವನ್ನೇ ಕಟ್ಟಿದನು.

ಬಿನೆಯ ಪರೀಕ್ಷೆಯು ಕನ್ನಡಕ್ಕೂ ಬಂದಿದೆ. ಧಾರವಾಡದಲ್ಲಿ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳನ್ನು ಪರೀಕ್ಷಿಸಿ, ನಮ್ಮ ಮಕ್ಕಳಿಗೆ ಒಪ್ಪುವಂತೆ ಅದನ್ನು ತಿದ್ದಿ 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅವರ ಇಂಗ್ಲಿಷ್ ಗ್ರಂಥವು ಹೊರಬಂದಿತು. ಬಿನೆ-ಕಾಮತ್ ಪರೀಕ್ಷೆಯೆಂದು ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲ ಬಳಕೆಯಲ್ಲಿರುವುದು ಇದೇ. ಪ್ಯಾರಿಸಿನ ನಾಣ್ಯಗಳ ಲೆಕ್ಕವು ಧಾರವಾಡದ ಮಗುವಿಗೆ ಸಲ್ಲದಿರುವಂತೆಯೇ, ಮನೆಯಲ್ಲಿ ಉರ್ದು ಮಾತನಾಡುವ ಚನ್ನಪಟ್ಟಣದ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿ ಬರೆದ ಅಂಕಿಯೂ ಸಲ್ಲತಕ್ಕದ್ದಲ್ಲ. ಆದಕಾರಣ ಇಂತಹ ಕಾಗದವನ್ನು ತರುವ ಪೋಷಕರು, ಪರೀಕ್ಷೆಯು ಯಾವ ವರ್ಷದಲ್ಲಿ, ಯಾವ ಭಾಷೆಯಲ್ಲಿ ನಡೆಯಿತು, ಮಗುವು ಅಂದು ಸ್ವಸ್ಥವಾಗಿದ್ದಳೇ, ಯಾವ ಯಾವ ಕೆಲಸಗಳನ್ನು ಮಾಡಿದಳು, ಯಾವುವು ಆಗಲಿಲ್ಲ ಎಂಬುದನ್ನೂ ಬರೆಯಿಸಿಕೊಂಡು ಬರಬೇಕೆಂದು ಬೇಡುತ್ತೇವೆ. ತರಗತಿಯಲ್ಲಿ ನಮಗೆ ಬೇಕಾದುದು ಆ ಪಟ್ಟಿಯೇ.