ಡೀಸೆಲ್ ಎಂಬ ಮನುಷ್ಯ: ಘಾಟಿ ಏರುವ ಪಿಕಪ್‌ನ ಹಿಂದಿನ ಜೀವನಕಥೆ

ಸುಳ್ಯದಿಂದ ಸಂಪಾಜೆಯತ್ತ ಸಾಗುವ ಮಾಣಿ-ಮೈಸೂರು ಹೆದ್ದಾರಿಯಲ್ಲಿ ಅರಂತೋಡು ಒಂದು ಪುಟ್ಟ ಪೇಟೆ. ಸುತ್ತಲೂ ಅಡಿಕೆ ಮತ್ತು ರಬ್ಬರ್ ತೋಟಗಳು. ಮುಂದೆ ಸಾಗಿದರೆ ಕೊಡಗಿನ ಘಾಟಿ. ಇಂಥ ಊರುಗಳ ದೈನಂದಿನ ವ್ಯವಹಾರವನ್ನು ಹೊತ್ತು ತಿರುಗುವುದು ಪಿಕಪ್ ವಾಹನಗಳು. ಅಡಿಕೆ ಮೂಟೆ, ರಬ್ಬರ್ ಶೀಟು, ಗೊಬ್ಬರ, ಸಿಮೆಂಟು, ಕೆಂಪುಕಲ್ಲು, ಮದುವೆ ಮನೆಯ ಪಾತ್ರೆ-ಪಗಡಗಳವರೆಗೆ ಎಲ್ಲಕ್ಕೂ ಅವೇ ಬೇಕು. ಹೊಸ ವಾಹನ ಕೊಳ್ಳಲು ಹೊರಟವರ ಮುಂದೆ ಮೊದಲು ಬರುವ ಪ್ರಶ್ನೆ ಡೀಸೆಲ್ಲೋ, ಪೆಟ್ರೋಲೋ, ಸಿಎನ್‌ಜಿಯೋ ಎಂಬುದು. ಆ ಪ್ರಶ್ನೆಯ ಮೊದಲ ಪದ ಒಬ್ಬ ಮನುಷ್ಯನ ಹೆಸರು ಎಂಬುದನ್ನು ನೆನೆಯುವವರು ಕಡಿಮೆ.

ಆತ ರುಡಾಲ್ಫ್ ಡೀಸೆಲ್. ದೊಡ್ಡ ಬಂಡವಾಳಗಾರರ ಕೈಯಲ್ಲಿದ್ದ ಯಂತ್ರಶಕ್ತಿಯನ್ನು ಸಣ್ಣ ಕಸುಬುದಾರನ ಕೈಗೆ ಕೊಡಬೇಕೆಂದು ಕನಸು ಕಂಡವನು. ಕನಸು ನನಸಾಗುವ ಹೊತ್ತಿಗೆ ಆತ ಬದುಕಿರಲಿಲ್ಲ. ಆತನ ಎಂಜಿನ್ ಜಗತ್ತನ್ನೇ ಗೆದ್ದಿತು. ಮನೆಯ ಲೆಕ್ಕಪುಸ್ತಕ ಮಾತ್ರ ಆತನನ್ನು ಸೋಲಿಸಿತು.

ಕೈಗಾಡಿ ತಳ್ಳಿದ ಹುಡುಗ

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ. ತಂದೆ ಥಿಯೊಡೋರ್ ಜರ್ಮನಿಯ ಆಗ್ಸ್‌ಬರ್ಗ್ ಮೂಲದವರು, ಪುಸ್ತಕದ ರಟ್ಟು ಕಟ್ಟುವ ಕಸುಬಿನವರು. ಪ್ಯಾರಿಸ್ಸಿನಲ್ಲಿ ಅವರು ಚರ್ಮದ ಸಾಮಾನುಗಳನ್ನು ತಯಾರಿಸಿ ಮಾರುತ್ತಿದ್ದರು. ಸಿದ್ಧವಾದ ಮಾಲನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಗಿರಾಕಿಗಳಿಗೆ ತಲುಪಿಸುವುದು ಬಾಲಕ ರುಡಾಲ್ಫನ ಪಾಲಿನ ಕೆಲಸವಾಗಿತ್ತು. ಬಿಡುವು ಸಿಕ್ಕಾಗ ಆತ ಓಡುತ್ತಿದ್ದುದು ನಗರದ ಯಂತ್ರಗಳ ವಸ್ತುಸಂಗ್ರಹಾಲಯಕ್ಕೆ. ಫಿರಂಗಿ ಎಳೆಯಲೆಂದು ಹದಿನೆಂಟನೆಯ ಶತಮಾನದಲ್ಲಿ ಕುನ್ಯೋ ಎಂಬಾತ ನಿರ್ಮಿಸಿದ ಹಬೆಬಂಡಿಯನ್ನು ಇರಿಸಿದ್ದೂ ಅಲ್ಲಿಯೇ.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಹೊತ್ತಿಕೊಂಡಿತು. ಜರ್ಮನ್ ಮೂಲದ ಇತರ ಕುಟುಂಬಗಳಂತೆ ಡೀಸೆಲ್ ಕುಟುಂಬವೂ ಪ್ಯಾರಿಸ್ ತೊರೆದು ಲಂಡನ್ನಿಗೆ ಹೋಗಬೇಕಾಯಿತು. ಹನ್ನೆರಡರ ಹುಡುಗನನ್ನು ಓದಿಗಾಗಿ ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳುಹಿಸಲಾಯಿತು. ಆ ಮನೆಯ ಯಜಮಾನರು ಗಣಿತದ ಅಧ್ಯಾಪಕರು. ಹದಿನಾಲ್ಕನೆಯ ವಯಸ್ಸಿನಲ್ಲೇ ತಾನು ಎಂಜಿನಿಯರ್ ಆಗುವೆನೆಂದು ರುಡಾಲ್ಫ್ ಹೆತ್ತವರಿಗೆ ಪತ್ರ ಬರೆದ. ವಿದ್ಯಾರ್ಥಿವೇತನದ ನೆರವಿನಿಂದ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. 1879ರಲ್ಲಿ ವಿಷಮಶೀತ ಜ್ವರ ತಗುಲಿ ಅಂತಿಮ ಪರೀಕ್ಷೆ ತಪ್ಪಿಹೋಯಿತು. 1880ರ ಜನವರಿಯಲ್ಲಿ ಪರೀಕ್ಷೆ ಬರೆದು ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ.

ಮಂಜುಗಡ್ಡೆಯ ಕಾರ್ಖಾನೆಯಿಂದ ಬೆಂಕಿಯ ಎಂಜಿನ್ನಿಗೆ

ಮ್ಯೂನಿಕ್‌ನಲ್ಲಿ ಆತನ ಗುರುವಾಗಿದ್ದವರು ಶೈತ್ಯೀಕರಣ ತಂತ್ರಜ್ಞಾನದ ಪ್ರವರ್ತಕ ಕಾರ್ಲ್ ಫಾನ್ ಲಿಂಡೆ. ಶಿಷ್ಯನ ಮೊದಲ ಉದ್ಯೋಗ ಗುರುವಿನ ಪ್ಯಾರಿಸ್ ಮಂಜುಗಡ್ಡೆ ಕಾರ್ಖಾನೆಯಲ್ಲಿ. 1883ರಲ್ಲಿ ಮಾರ್ಥಾ ಫ್ಲಾಷೆಯೊಂದಿಗೆ ವಿವಾಹವಾಯಿತು, ಮೂವರು ಮಕ್ಕಳಾದರು. ಹಗಲು ಶೀತಲಯಂತ್ರಗಳ ಕೆಲಸವಾದರೂ ಮನಸ್ಸಿನ ತುಂಬ ಹೊಸದೊಂದು ಎಂಜಿನ್ನಿನ ಚಿಂತೆ. ಅಮೋನಿಯಾ ಆವಿಯಿಂದ ಎಂಜಿನ್ ಓಡಿಸುವ ಪ್ರಯೋಗದಲ್ಲಿ ಸ್ಫೋಟ ಸಂಭವಿಸಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು.

ಅಂದಿನ ಕಾರ್ಖಾನೆಗಳನ್ನು ಆಳುತ್ತಿದ್ದುದು ಹಬೆ ಎಂಜಿನ್. ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲು ಕೆಲಸಕ್ಕೆ ಒದಗಿದರೆ ಅದೇ ಹೆಚ್ಚು, ಉಳಿದದ್ದು ಗಾಳಿಪಾಲು. ಜೊತೆಗೆ ಬಾಯ್ಲರು, ಚಿಮಣಿ, ಆಳುಕಾಳು ಇವೆಲ್ಲ ದೊಡ್ಡ ಬಂಡವಾಳದವನಿಗೆ ಮಾತ್ರ ಸಾಧ್ಯ. ನೇಕಾರ, ಬಡಗಿ, ಮುದ್ರಕರಂಥ ಸಣ್ಣ ಕಸುಬುದಾರರು ಇದೇ ಕಾರಣಕ್ಕೆ ಕಾರ್ಖಾನೆಗಳೆದುರು ಸೋತು ಹೋಗುತ್ತಿದ್ದಾರೆಂಬುದು ಡೀಸೆಲ್‌ನ ಕೊರಗು. ಕಡಿಮೆ ಇಂಧನದಲ್ಲಿ ಹೆಚ್ಚು ಕೆಲಸ ಮಾಡುವ, ಸಣ್ಣವರಿಗೂ ಎಟುಕುವ ಎಂಜಿನ್ ಬೇಕೆಂಬುದು ಆತನ ಹಂಬಲ.

ಅದಕ್ಕೆ ಆತ ಹಿಡಿದ ದಾರಿ ಸರಳವಾಗಿ ಕಾಣುತ್ತದೆ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ವಿಪರೀತವಾಗಿ ಅದುಮಿ ಕಾಯಿಸಿ, ಆ ಕ್ಷಣದಲ್ಲಿ ಇಂಧನ ಚಿಮುಕಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹಾರಿಸುವ ಪ್ಲಗ್ ಬೇಡ. ಈ ಆಲೋಚನೆಗೆ 1892ರಲ್ಲಿ ಅರ್ಜಿ ಹಾಕಿ, 1893ರಲ್ಲಿ ಜರ್ಮನಿಯ ಪೇಟೆಂಟ್ ಪಡೆದ.

ನಾಲ್ಕು ವರ್ಷಗಳ ಸತ್ವಪರೀಕ್ಷೆ

ಕಾಗದದ ಮೇಲಿನ ಎಂಜಿನ್ ಕಬ್ಬಿಣದಲ್ಲಿ ಮೂಡಲು ಆಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್‌ರಿಕ್ ಫಾನ್ ಬುಜ್ ಜಾಗ ಕೊಟ್ಟರು. ಕ್ರುಪ್ ಸಂಸ್ಥೆ ಹಣ ಕೊಟ್ಟಿತು. 1893ರ ಆಗಸ್ಟ್ 10ರ ಮೊದಲ ಪ್ರಯೋಗದಲ್ಲೇ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಆದರೆ ಅದುಮಿದ ಗಾಳಿಯಲ್ಲಿ ಇಂಧನ ತಾನಾಗಿ ಹೊತ್ತುತ್ತದೆ ಎಂಬುದು ಸಾಬೀತಾಗಿತ್ತು. 1894ರ ಫೆಬ್ರವರಿ 17ರಂದು ಎಂಜಿನ್ ಸ್ವಂತ ಬಲದಿಂದ ಓಡಿತು, ಅದೂ ಕೇವಲ ಒಂದು ನಿಮಿಷ.

ಆ ಒಂದು ನಿಮಿಷವನ್ನು ನಂಬಿಕೆಗೆ ಅರ್ಹವಾದ ಯಂತ್ರವಾಗಿಸಲು ಇನ್ನೂ ಮೂರು ವರ್ಷ ಬೇಕಾಯಿತು. ತಾನೇ ಪ್ರತಿಪಾದಿಸಿದ್ದ ಸಿದ್ಧಾಂತದ ಹಲವು ಅಂಶಗಳನ್ನು ಡೀಸೆಲ್ ಕೈಬಿಡಬೇಕಾಯಿತು. ಕೊನೆಗೆ 1897ರ ಫೆಬ್ರವರಿ 17ರಂದು ಮ್ಯೂನಿಕ್‌ನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅಧಿಕೃತ ಪರೀಕ್ಷೆ ನಡೆಸಿದರು. ಇಂಧನದ ಶಕ್ತಿಯಲ್ಲಿ ಶೇ 26.2ರಷ್ಟು ಕೆಲಸವಾಗಿ ಪರಿವರ್ತನೆಯಾಗಿತ್ತು. ಹಬೆ ಎಂಜಿನ್ ಇದರ ಹತ್ತಿರವೂ ಸುಳಿಯುವಂತಿರಲಿಲ್ಲ.

ಆದರೆ ಆ ಎಂಜಿನ್ನಿನ ಗಾತ್ರ ಗಮನಾರ್ಹ. ಒಂದೇ ಸಿಲಿಂಡರು, ಅದರ ಅಳತೆ ಸುಮಾರು 20 ಲೀಟರು, ಎತ್ತರ ಸುಮಾರು ಮೂರು ಮೀಟರು, ತೂಕ ನಾಲ್ಕೂವರೆ ಟನ್. ಶಕ್ತಿ ಸುಮಾರು 20 ಅಶ್ವಶಕ್ತಿ. ಭಾರತದಲ್ಲಿ 2005ರಲ್ಲಿ ಬಂದ ಟಾಟಾ ಏಸ್ ವಾಹನದ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ 702 ಸಿಸಿ ಅಳತೆಯಲ್ಲೇ 16 ಅಶ್ವಶಕ್ತಿ ಕೊಡುತ್ತಿತ್ತು. ಇವೆರಡರ ನಡುವಿನ ಅಂತರ ಒಂದು ಶತಮಾನದ ಶ್ರಮ.

ಎಣ್ಣೆಕಾಳಿನ ಮೇಲಿಟ್ಟ ಭರವಸೆ

1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನಿಗೆ ಮಹಾ ಪ್ರಶಸ್ತಿ ದೊರೆಯಿತು. ಅದೇ ಪ್ರದರ್ಶನದಲ್ಲಿ ಒಟ್ಟೊ ಕಂಪನಿಯ ಸಣ್ಣ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಎಂಜಿನ್ನಿನಲ್ಲಿ ಯಾವ ಬದಲಾವಣೆಯನ್ನೂ ಮಾಡಿರಲಿಲ್ಲವಾದ್ದರಿಂದ ಹೆಚ್ಚಿನವರಿಗೆ ಇದು ತಿಳಿಯಲೇ ಇಲ್ಲ. ರೈತ ಬೆಳೆದ ಎಣ್ಣೆಕಾಳಿನಿಂದಲೇ ರೈತನ ಯಂತ್ರ ಓಡುವ ದಿನ ಬರಬಹುದೆಂದು ಡೀಸೆಲ್ ತನ್ನ ಕೊನೆಯ ವರ್ಷಗಳಲ್ಲಿ ಪ್ರತಿಪಾದಿಸಿದ.

ಕರ್ನಾಟಕಕ್ಕೆ ಈ ವಿಚಾರ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದ್ದರು. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿ ರೂಪಿಸಿತು. ಆದರೆ ಸೂಕ್ಷ್ಮ ಇಂಜೆಕ್ಟರುಗಳನ್ನು ಹೊಂದಿರುವ ಇಂದಿನ ಪಿಕಪ್‌ಗಳಿಗೆ ಗಾಣದಿಂದ ತಂದ ಎಣ್ಣೆಯನ್ನು ಹಾಗೆಯೇ ಸುರಿದರೆ ಎಂಜಿನ್ ಕೆಡುವುದು ನಿಶ್ಚಿತ. ಮೂರು ಮೀಟರ್ ಎತ್ತರದ ಹಳೆಯ ಯಂತ್ರದ ಸಹನೆ ಇವಕ್ಕಿಲ್ಲ.

ಲೆಕ್ಕ ತಪ್ಪಿದ ಸಿರಿತನ

1897ರ ಯಶಸ್ಸಿನ ಬೆನ್ನಲ್ಲೇ ಹಣದ ಹೊಳೆ ಹರಿಯಿತು. ಅಮೆರಿಕದ ಮದ್ಯೋದ್ಯಮಿ ಅಡಾಲ್ಫಸ್ ಬುಷ್ ಆ ದೇಶದ ಹಕ್ಕುಗಳಿಗೆ ಹತ್ತು ಲಕ್ಷ ಮಾರ್ಕ್ ತೆತ್ತರು. 1898ರಲ್ಲಿ ಸ್ಥಾಪನೆಯಾದ ಕಂಪನಿಯೊಂದು ಪೇಟೆಂಟುಗಳಿಗೆ 35 ಲಕ್ಷ ಮಾರ್ಕ್ ಬೆಲೆ ಕಟ್ಟಿತು. ಕೈಗಾಡಿ ತಳ್ಳಿದ ಹುಡುಗ ನಲವತ್ತರ ವಯಸ್ಸಿಗೆ ಶ್ರೀಮಂತನಾಗಿದ್ದ. ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಎದ್ದಿತು.

ಸಿರಿಯೊಂದಿಗೆ ಸಂಕಷ್ಟವೂ ಬಂತು. ಮೊದಮೊದಲು ಮಾರಾಟವಾದ ಎಂಜಿನ್ನುಗಳು ಪದೇಪದೇ ಕೈಕೊಟ್ಟವು. ಖರೀದಿದಾರರ ದೂರುಗಳು ಬಂದವು. ತನ್ನದು ಮೊದಲ ಶೋಧವಲ್ಲ ಎಂಬ ವ್ಯಾಜ್ಯಗಳು ಕಾಡಿದವು. ಮಾನಸಿಕವಾಗಿ ಬಳಲಿದ ಡೀಸೆಲ್ ಆರೋಗ್ಯಧಾಮ ಸೇರಬೇಕಾಯಿತು. ತೈಲಬಾವಿಗಳಲ್ಲಿ ಮತ್ತು ನಿವೇಶನಗಳ ವ್ಯವಹಾರದಲ್ಲಿ ಹೂಡಿದ ಹಣ ಕರಗಿತು. ಕಾರ್ಮಿಕರೇ ಒಡೆಯರಾಗುವ ಸಹಕಾರ ಉದ್ಯಮಗಳ ಬಗ್ಗೆ 1903ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಕೊಂಡವರು ಬೆರಳೆಣಿಕೆಯಷ್ಟು ಮಂದಿ. 1908ರ ಸುಮಾರಿಗೆ ಲಾರಿಗೆ ಒಗ್ಗುವ ಸಣ್ಣ ಎಂಜಿನ್ ತಯಾರಿಸುವ ಯತ್ನವನ್ನೂ ಮಾಡಿದ. ಇಂಧನ ಚಿಮುಕಿಸಲು ಆಗ ಪ್ರತ್ಯೇಕ ಗಾಳಿ ಸಂಕೋಚಕ ಬೇಕಾಗಿದ್ದರಿಂದ ಎಂಜಿನ್ ಭಾರವಾಗಿಯೇ ಉಳಿಯಿತು. ಆ ಪ್ರಯತ್ನ ಕೈಗೂಡಲಿಲ್ಲ.

ಇತ್ತ ಎಂಜಿನ್ನಿನ ಕೀರ್ತಿ ಬೆಳೆಯುತ್ತಲೇ ಇತ್ತು. 1912ರಲ್ಲಿ ಡೆನ್ಮಾರ್ಕ್‌ನ ಸೆಲಾಂಡಿಯಾ ಎಂಬ ದೊಡ್ಡ ಹಡಗು ಡೀಸೆಲ್ ಬಲದಿಂದ ಸಾಗರ ದಾಟಿತು. ಆದರೆ ಅಷ್ಟರಲ್ಲಿ ಮೂಲ ಪೇಟೆಂಟಿನ ಅವಧಿ ಮುಗಿದಿತ್ತು; ಲಾಭ ಇತರರ ಪಾಲಾಗುತ್ತಿತ್ತು. ಮನೆಯವರಿಗೂ ತಿಳಿಯದಂತೆ ಸಾಲ ಬೆಳೆದಿತ್ತು.

ಹಡಗಿನ ಆ ರಾತ್ರಿ

1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡನ್ ಎಂಬ ಹಡಗನ್ನು ಡೀಸೆಲ್ ಏರಿದ. ಇಂಗ್ಲೆಂಡಿನಲ್ಲಿ ಆತನ ಎಂಜಿನ್ ತಯಾರಿಸುವ ಕಂಪನಿಯ ಸಭೆ ನಡೆಯಬೇಕಿತ್ತು. ಸಂಗಡಿಗರೊಂದಿಗೆ ಊಟ ಮುಗಿಸಿ, ಬೆಳಗ್ಗೆ ಎಬ್ಬಿಸುವಂತೆ ತಿಳಿಸಿ ರಾತ್ರಿ ಹತ್ತರ ಸುಮಾರಿಗೆ ತನ್ನ ಕೋಣೆಗೆ ಹೋದ. ಬೆಳಗ್ಗೆ ಕೋಣೆ ಬರಿದಾಗಿತ್ತು. ಹಾಸಿಗೆಯಲ್ಲಿ ಮಲಗಿದ ಗುರುತಿರಲಿಲ್ಲ. ಹಡಗಿನ ಮೇಲಂಗಳದಲ್ಲಿ ಹ್ಯಾಟು ಮತ್ತು ಮಡಿಸಿಟ್ಟ ಮೇಲಂಗಿ ಮಾತ್ರ ಸಿಕ್ಕಿದವು.

ಸುಮಾರು ಹತ್ತು ದಿನಗಳ ನಂತರ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವ ಕಾಣಿಸಿತು. ದೋಣಿಯವರು ಜೇಬಿನಲ್ಲಿದ್ದ ಕೆಲವು ವಸ್ತುಗಳನ್ನು ತೆಗೆದುಕೊಂಡು ದೇಹವನ್ನು ಸಮುದ್ರಕ್ಕೇ ಒಪ್ಪಿಸಿದರು. ಆ ವಸ್ತುಗಳನ್ನು ಕಂಡು ಮಗ ಯೂಗೆನ್ ಅವು ತಂದೆಯವೇ ಎಂದು ಗುರುತಿಸಿದ. ಪ್ರಯಾಣಕ್ಕೆ ಮುನ್ನ ಪತ್ನಿಯ ಕೈಗೆ ಡೀಸೆಲ್ ಒಂದು ಚೀಲ ಕೊಟ್ಟಿದ್ದ. ಅದರಲ್ಲಿ 20,000 ಮಾರ್ಕ್ ನಗದು ಮತ್ತು ಬರಿದಾದ ಬ್ಯಾಂಕ್ ಖಾತೆಗಳ ಪತ್ರಗಳಿದ್ದವು. ಆಗ ಆತನಿಗೆ 55 ವರ್ಷ. ಯುದ್ಧ ಸಮೀಪಿಸಿದ್ದ ಕಾಲವಾದ್ದರಿಂದ ಕೊಲೆಯ ಊಹಾಪೋಹಗಳೂ ಹಬ್ಬಿದವು. ಯಾವುದಕ್ಕೂ ಪುರಾವೆ ದೊರೆಯಲಿಲ್ಲ. ಆಸ್ತಿಗಿಂತ ಸಾಲವೇ ಹೆಚ್ಚಾಗಿತ್ತು ಎಂಬುದು ಮಾತ್ರ ಬಯಲಾಯಿತು.

ಸತ್ತ ಮೇಲೆ ರಸ್ತೆಗಿಳಿದ ಎಂಜಿನ್

ಮೊದಲ ಡೀಸೆಲ್ ಲಾರಿಗಳು ಜರ್ಮನಿಯಲ್ಲಿ ಬಂದದ್ದು 1923-24ರಲ್ಲಿ, ಡೀಸೆಲ್ ತೀರಿಕೊಂಡ ಹತ್ತು ವರ್ಷಗಳ ನಂತರ. 1927ರಲ್ಲಿ ಬಾಷ್ ಕಂಪನಿಯ ಇಂಜೆಕ್ಷನ್ ಪಂಪ್ ಬಂದು ಭಾರದ ಗಾಳಿ ಸಂಕೋಚಕದ ಕಾಟವನ್ನು ತಪ್ಪಿಸಿತು. ಭಾರತದಲ್ಲಿ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭವಾಯಿತು. ಡೀಸೆಲ್ ಪಂಪ್‌ಸೆಟ್ಟುಗಳು ರೈತರ ತೋಟ ತಲುಪಿದವು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಟಾಟಾ ಲಾರಿಗಳ ತಯಾರಿಕೆ ಶುರುವಾಯಿತು. 1986ರಲ್ಲಿ ಟಾಟಾ 407, 2005ರಲ್ಲಿ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂದವು. ಮಹೀಂದ್ರ ಬೊಲೆರೊ ಪಿಕಪ್ ಮಲೆನಾಡಿನ ರಸ್ತೆಗಳ ಪರಿಚಿತ ಮುಖವಾಯಿತು. ಒಬ್ಬನೇ ಒಡೆಯ, ಅವನೇ ಚಾಲಕ, ಒಂದೇ ಎಂಜಿನ್. ಡೀಸೆಲ್ ಕನಸು ಕಂಡಿದ್ದ ಸ್ವತಂತ್ರ ಕಸುಬುದಾರ ಕೊನೆಗೂ ಹುಟ್ಟಿದ್ದ.

ಕೊಳ್ಳುವವರಿಗೆ ಉಳಿದ ಪಾಠ

ಅರಂತೋಡಿನಿಂದ ಸಂಪಾಜೆ ದಾಟಿ ಮಡಿಕೇರಿಗೆ ಏರುವ ರಸ್ತೆ ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರ ತಲುಪುತ್ತದೆ. ಹೊರೆ ಹೊತ್ತು ಇಂಥ ಏರು ಹತ್ತಲು ಬೇಕಾದದ್ದು ವೇಗವಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗಲೂ ಒದಗುವ, ಟಾರ್ಕ್ ಎಂದು ಕರೆಯಲಾಗುವ ಎಳೆತದ ಬಲ. ಟರ್ಬೊ ಅಳವಡಿಸಿದ ಇಂದಿನ ಡೀಸೆಲ್ ಎಂಜಿನ್ನುಗಳ ದೊಡ್ಡ ಗುಣ ಅದೇ. ಹೆಚ್ಚಿನ ಒತ್ತಡ ತಾಳಲು ಗಟ್ಟಿಯಾಗಿ ಕಟ್ಟಬೇಕಾಗುವುದರಿಂದ ಬೆಲೆ ಹೆಚ್ಚು. ಇಂಧನ ಉಳಿಯುವುದರಿಂದ ಖರ್ಚು ಕಡಿಮೆ. ನಿತ್ಯ ದೂರ ಓಡುವ, ಭಾರ ಹೊರುವ ವಾಹನಕ್ಕೆ ಈ ವ್ಯಾಪಾರ ಲಾಭದ್ದು.

ಎಲ್ಲರಿಗೂ ಅಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಬಳಿಕ ಡೀಸೆಲ್ ವಾಹನಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಶೋಧಕ ಸೇರಿಕೊಂಡಿದೆ. ಅದರಲ್ಲಿ ಸೇರಿದ ಮಸಿ ಸುಟ್ಟುಹೋಗಲು ವಾಹನ ಆಗಾಗ ಬಿಸಿಯಾಗಿ ದೂರ ಓಡಬೇಕು. ಪೇಟೆಯೊಳಗೆ ಎರಡು-ಮೂರು ಕಿಲೋಮೀಟರ್ ಓಡಿ ನಿಲ್ಲುವವರಿಗೆ ಅದು ತಲೆನೋವು. ಅಂಥವರಿಗೆ ಪೆಟ್ರೋಲ್ ಅಥವಾ ಸಿಎನ್‌ಜಿ ವಾಹನವೇ ಲೇಸು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರ ಸರ್ಕಾರದ ನಿಯಂತ್ರಣದಿಂದ ಹೊರಬಂದ ಮೇಲೆ ಹಳೆಯ ಅಗ್ಗದ ಲೆಕ್ಕವೂ ಬದಲಾಗಿದೆ. ಮಿತಿ ಮೀರಿ ಹೊರೆ ಹೇರಿದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಆದ್ದರಿಂದ ನಿತ್ಯ ಹೊರುವ ಭಾರವನ್ನು ಮೊದಲು ಲೆಕ್ಕ ಹಾಕಿ, ಅದಕ್ಕೆ ತಕ್ಕ ವಾಹನ ಆರಿಸುವುದು ಜಾಣತನ.

ಬ್ಯಾಂಕಿನ ಕಂತು, ವಿಮೆ, ಟೈರು, ಎಫ್‌ಸಿ, ಮಳೆಗಾಲದಲ್ಲಿ ಬಾಡಿಗೆ ಇಲ್ಲದ ದಿನಗಳು ಇವೆಲ್ಲವೂ ಆ ಲೆಕ್ಕದೊಳಗೆ ಬರಬೇಕು. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಮಡಿಕೇರಿ ಮಾರ್ಗ ಮುಚ್ಚಿದಾಗಲೂ ಕಂತಿನ ದಿನಾಂಕ ಮುಂದೆ ಹೋಗಿರಲಾರದು. ಇಂಧನದ ಒಂದು ಹನಿಯನ್ನೂ ವ್ಯರ್ಥವಾಗಲು ಬಿಡದ ಯಂತ್ರವನ್ನು ರೂಪಿಸಿದ ರುಡಾಲ್ಫ್ ಡೀಸೆಲ್‌ಗೆ ತನ್ನ ಆದಾಯ-ವೆಚ್ಚದ ಸೋರಿಕೆಯನ್ನು ತಡೆಯಲಾಗಲಿಲ್ಲ. ಆತನ ಹೆಸರಿನ ಎಂಜಿನ್ ಹೊತ್ತ ಪಿಕಪ್ಪಿನ ಒಡೆಯನಿಗೆ ಏರಿನಲ್ಲಿ ಎಂಜಿನ್ ಕೈಕೊಡುವುದು ಅಪರೂಪ, ಕಾಯ್ದುಕೊಳ್ಳಬೇಕಾದದ್ದು ಲೆಕ್ಕಪುಸ್ತಕವನ್ನು.